ಎಲಾಸ್ಟಿಕ್‌ಗೆ ಬಣ್ಣ ಹಾಕೋ ಮುಂಚೆ: ಗುಂಡಿ, ಮಣಿ ಬ್ರೇಸ್‌ಲೆಟ್ ಮಾಡುವವರ ಜೊತೆ ಒಂದಿಷ್ಟು ಮಾತು

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಿನ ಅನುಕೂಲಕ್ಕಾಗಿ ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಈ ವಾರದ ವಿಷಯ ಕೇಳಿದ್ರೆ ಕೆಲವರು ನಗಬಹುದು. ಎಲಾಸ್ಟಿಕ್. ಲಂಗದ ಸೊಂಟಕ್ಕೆ, ಮಾಸ್ಕ್‌ನ ಕಿವಿಗೆ ಹಾಕ್ತೀವಲ್ಲ, ಅದೇ ಜಾತಿಯ ದಾರ. ಗುಂಡಿ, ಮಣಿ ಪೋಣಿಸಿ ಮನೆಯಲ್ಲೇ ಬ್ರೇಸ್‌ಲೆಟ್ ಮಾಡಿ ಮಾರುವವರು ನಮ್ಮ ಕೇಳುಗರಲ್ಲಿ ಸಾಕಷ್ಟು ಜನ ಇದ್ದೀರಿ. ನೀವು ಕಳಿಸೋ ವಾಯ್ಸ್ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರ್ತಾ ಇದೆ: ಬಿಳಿ ಎಲಾಸ್ಟಿಕ್‌ಗೆ ನಮಗೆ ಬೇಕಾದ ಬಣ್ಣ ಹಾಕೋದು ಹೇಗೆ?

ಮಂಡ್ಯ ಕಡೆಯ ಕೇಳುಗರೊಬ್ಬರ ಮೆಸೇಜ್ ಮಾತ್ರ ಪ್ರಶ್ನೆ ಆಗಿರಲಿಲ್ಲ. ಆಗಿ ಹೋದ ಕಥೆ ಆಗಿತ್ತು. ಅವರಿಗೆ ರಾಜ್ಯೋತ್ಸವಕ್ಕೆ ಒಂದು ಶಾಲೆಯಿಂದ 150 ಬ್ರೇಸ್‌ಲೆಟ್‌ಗಳ ಆರ್ಡರ್ ಬಂತು. ಹಳದಿ, ಕೆಂಪು ಗುಂಡಿಗಳು, ನಡುನಡುವೆ ಮಣಿ. ಒಂದಕ್ಕೆ 40 ರೂಪಾಯಿ. ಮನೆಯಲ್ಲಿ ಬಿಳಿ ಎಲಾಸ್ಟಿಕ್ ರೋಲ್ ಇತ್ತು. ಗ್ರಂದಿಗೆ ಅಂಗಡಿಯಿಂದ ಬಟ್ಟೆಗೆ ಹಾಕೋ ಬಣ್ಣದ ಪೊಟ್ಟಣ ತಂದು, ಹಳೇ ಪಾತ್ರೆಯಲ್ಲಿ ಕುದಿಸಿ, ಅರ್ಧ ಕೆಂಪು, ಅರ್ಧ ಹಳದಿ ಮಾಡಿದ್ರು. ಒಣಗಿದ ಮೇಲೆ ನೋಡೋಕೆ ಬಲು ಚೆಂದ. ನವೆಂಬರ್ 1ಕ್ಕೆ ಮಕ್ಕಳು ಬಿಳಿ ಯೂನಿಫಾರ್ಮ್‌ನಲ್ಲಿ ಬಿಸಿಲಿಗೆ ನಿಂತ್ರು, ಬೆವರಿದ್ರು. ಮುಂದಿನದ್ದು ನಿಮಗೇ ಗೊತ್ತಾಗುತ್ತೆ. ತೋಳಿನ ತುದಿಗಳೆಲ್ಲ ಕೆಂಪು. ಮಣಿಕಟ್ಟಿನ ಸುತ್ತ ಕೆಂಪು ಗೆರೆ ನೋಡಿ ಒಂದಿಬ್ಬರು ತಾಯಂದಿರು ಗಾಯ ಆಗಿದೆ ಅಂತಲೇ ಗಾಬರಿ ಆದ್ರಂತೆ. ಕೊನೆಗೆ ಶಾಲೆಯವರು ಅರ್ಧ ದುಡ್ಡು ಹಿಡಿದುಕೊಂಡ್ರು. ಅಂದ್ರೆ 3000 ರೂಪಾಯಿ.

ಅವರು ಕೇಳಿದ್ದು ಇಷ್ಟೇ. "ಅದೇ ಪೊಟ್ಟಣದಲ್ಲಿ ನಮ್ಮಮ್ಮ ಹಳೇ ಕಾಟನ್ ಸೀರೆಗಳಿಗೆ ಬಣ್ಣ ಹಾಕ್ತಿದ್ರು. ಅದು ವರ್ಷಗಟ್ಟಲೆ ಇರ್ತಿತ್ತು. ಇದಕ್ಕೆ ಯಾಕೆ ನಿಲ್ಲಲಿಲ್ಲ?"

ಉತ್ತರ ಅವರ ಪ್ರಶ್ನೆಯಲ್ಲೇ ಇದೆ. ಅದು ಕಾಟನ್ ಸೀರೆ. ಇದು ಕಾಟನ್ ಅಲ್ಲ.

ಎಲಾಸ್ಟಿಕ್ ದಾರವನ್ನ ಕತ್ತರಿಸಿ, ತುದಿಯನ್ನ ಸೂಜಿಯಿಂದ ಸ್ವಲ್ಪ ಬಿಡಿಸಿ ನೋಡಿ. ಒಳಗಡೆ ಹಿಗ್ಗುವ ಎಳೆಗಳು ಇರ್ತವೆ. ಒಂದೋ ರಬ್ಬರ್, ಇಲ್ಲಾ ಸ್ಪ್ಯಾಂಡೆಕ್ಸ್. ಈ ಸ್ಪ್ಯಾಂಡೆಕ್ಸ್ ಬಂದಿದ್ದು 1958ರಲ್ಲಿ, ಅಮೆರಿಕದ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಅನ್ನೋ ರಸಾಯನ ವಿಜ್ಞಾನಿಯಿಂದ. ಲೈಕ್ರಾ ಅಂತ ಬ್ರ್ಯಾಂಡ್ ಹೆಸರು ಕೇಳಿರ್ತೀರಲ್ಲ, ಅದೇ. ಈ ಒಳಗಿನ ಎಳೆಗಳ ಸುತ್ತ ಜಡೆ ಹಾಕಿದ ಹಾಗೆ ದಾರ ಸುತ್ತಿರ್ತಾರೆ. ಆ ಹೊರಗಿನ ದಾರ ಸಾಮಾನ್ಯವಾಗಿ ಪಾಲಿಯೆಸ್ಟರ್, ಕೆಲವು ಸಲ ನೈಲಾನ್, ಅಪರೂಪಕ್ಕೆ ಕಾಟನ್. ನಮ್ಮ ಕಣ್ಣಿಗೆ ಬೀಳೋದು ಆ ಹೊರಗಿನ ದಾರದ ಬಣ್ಣ. ಹಾಗಾಗಿ ಎಲಾಸ್ಟಿಕ್‌ಗೆ ಬಣ್ಣ ಹಾಕೋದು ಅಂದ್ರೆ ನಿಜಕ್ಕೂ ಆ ಹೊರಗಿನ ದಾರಕ್ಕೆ ಬಣ್ಣ ಹಾಕೋದು.

ಪ್ರತಿ ದಾರಕ್ಕೂ ಅದರದ್ದೇ ಜಾತಿಯ ಬಣ್ಣ ಬೇಕು. ಕಾಟನ್‌ಗೆ ಹಿಡಿಯೋದು ಪಾಲಿಯೆಸ್ಟರ್‌ಗೆ ಹಿಡಿಯಲ್ಲ. ಆದರೆ ಮೋಸ ಎಲ್ಲಿ ಆಗುತ್ತೆ ಅಂದ್ರೆ, ಹಿಡಿಯದೇ ಇದ್ರೂ ಹಿಡಿದ ಹಾಗೆ ಕಾಣುತ್ತೆ. ಎಳೆ ಎಳೆಗಳ ಸಂದಿಯಲ್ಲಿ ಬಣ್ಣದ ನೀರು ಸೇರಿಕೊಂಡು ಅಲ್ಲೇ ಒಣಗುತ್ತೆ. ನೋಡೋರಿಗೆ ಕೆಂಪು ಎಲಾಸ್ಟಿಕ್. ವಾಸ್ತವದಲ್ಲಿ ಅದು ಕೆಂಪು ಪುಡಿ ತುಂಬಿಕೊಂಡ ಬಿಳಿ ಎಲಾಸ್ಟಿಕ್. ಬೆವರು ತಾಗಿದ ಕೂಡಲೇ ಆ ಪುಡಿ ಮತ್ತೆ ನೀರಾಗಿ ಹೊರಗೆ ಬರುತ್ತೆ. ಮಂಡ್ಯದ ಅವರಿಗೆ ಆಗಿದ್ದು ಇದೇ. ಅವರ ಕೆಲಸದಲ್ಲಿ ಸೋಮಾರಿತನ ಇರಲಿಲ್ಲ. ಇನ್ನೂ ಒಂದು ಗಂಟೆ ಕುದಿಸಿದ್ರೂ ಫಲಿತಾಂಶ ಬದಲಾಗ್ತಾ ಇರಲಿಲ್ಲ.

ಸರಿ, ನಿಮ್ಮ ಹತ್ತಿರ ಇರೋದು ಯಾವ ದಾರ? ರೋಲ್ ಮೇಲೆ ಬರೆದಿದ್ರೆ ಪುಣ್ಯ. ಬೆಂಗಳೂರಿನ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್‌ಗೆ ಹೋಗಿದ್ದವರಿಗೆ ಗೊತ್ತು, ಅಲ್ಲಿ ನಾಲ್ಕಡಿ ಅಗಲದ ಅಂಗಡಿಯಲ್ಲಿ ನಲವತ್ತು ಥರದ ದಾರ ನೇತು ಹಾಕಿರ್ತಾರೆ. ಕೇಳಿದ್ರೆ "ಎಲಾಸ್ಟಿಕ್ ಮೇಡಂ, ಎಲ್ಲ ಒಂದೇ" ಅಂತಾರೆ. ಒಂದೇ ಅಲ್ಲ. ಮನೆಗೆ ತಂದು ನಾವೇ ಪತ್ತೆ ಮಾಡಬೇಕು.

ಮೊದಲು ಬೆಂಕಿ. ಒಂದಿಂಚು ತುಂಡನ್ನ ಇಕ್ಕಳದಲ್ಲಿ ಹಿಡಿದು, ಸಿಂಕ್ ಮೇಲೆ, ಪಕ್ಕದಲ್ಲಿ ನೀರು ಇಟ್ಕೊಂಡು ಸುಡಿ. ಹೊರಗಿನ ದಾರ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಆದ್ರೆ ಕಾಟನ್. ಕರಗಿ ಮುದುಡಿ, ಆರಿದ ಮೇಲೆ ಗಟ್ಟಿ ಗುಳಿಗೆ ಥರ ಆದ್ರೆ ನೈಲಾನ್ ಅಥವಾ ಪಾಲಿಯೆಸ್ಟರ್. ಟೈರ್ ಸುಟ್ಟ ವಾಸನೆ ಜೊತೆಗೆ ಬಂದ್ರೆ ಅದು ಒಳಗಿನ ರಬ್ಬರ್‌ದು. ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ, ಕರಗಿದ ಹನಿ ಚರ್ಮಕ್ಕೆ ಅಂಟಿಕೊಳ್ಳುತ್ತೆ.

ನೈಲಾನೋ ಪಾಲಿಯೆಸ್ಟರೋ ಅಂತ ಬೆಂಕಿ ಸರಿಯಾಗಿ ಹೇಳಲ್ಲ. ಅದಕ್ಕೆ ಅಡುಗೆ ಮನೆಯಲ್ಲೇ ಇನ್ನೊಂದು ಪರೀಕ್ಷೆ ಇದೆ, ನನಗೆ ಇದು ತುಂಬಾ ಇಷ್ಟ. ಕೇಸರಿಬಾತ್‌ಗೆ ಹಾಕ್ತೀವಲ್ಲ ಫುಡ್ ಕಲರ್, ಅದನ್ನ ಒಂದು ಲೋಟ ನೀರಿಗೆ ಚಿಟಿಕೆ ಹಾಕಿ, ಒಂದು ಚಮಚ ಬಿಳಿ ವಿನೆಗರ್ ಸೇರಿಸಿ, ಒಂದು ಗೇಣು ಎಲಾಸ್ಟಿಕ್ ಹಾಕಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಇಡಿ. ಆಮೇಲೆ ನಲ್ಲಿ ಕೆಳಗೆ ಸೋಪು ಹಾಕಿ ಉಜ್ಜಿ. ಗಾಢ ಬಣ್ಣ ಹಾಗೇ ಉಳಿದ್ರೆ ನೈಲಾನ್. ತೊಳೆದು ಹೋಗಿ ಬಿಳಿ ಆದ್ರೆ, ಅಥವಾ ಬರೀ ತಿಳಿ ಛಾಯೆ ಉಳಿದ್ರೆ ಪಾಲಿಯೆಸ್ಟರ್. ಆ ತಿಳಿ ಛಾಯೆ ನೋಡಿ "ಪರವಾಗಿಲ್ಲ, ಸ್ವಲ್ಪ ಹಿಡಿದಿದೆ, ಬಣ್ಣ ಜಾಸ್ತಿ ಹಾಕೋಣ" ಅಂದುಕೊಳ್ಳಬೇಡಿ. ಒಳಗಿನ ಸ್ಪ್ಯಾಂಡೆಕ್ಸ್ ಒಂಚೂರು ಬಣ್ಣ ಕುಡಿದಿರುತ್ತೆ, ಅಷ್ಟೇ.

ಇದು ಯಾಕೆ ಕೆಲಸ ಮಾಡುತ್ತೆ ಅಂದ್ರೆ, ನಮ್ಮ ದೇಶದಲ್ಲಿ ಆಹಾರಕ್ಕೆ ಹಾಕೋಕೆ ಅನುಮತಿ ಇರೋ 8 ಕೃತಕ ಬಣ್ಣಗಳ ಸ್ವಭಾವ ಹೆಚ್ಚು ಕಮ್ಮಿ ಉಣ್ಣೆ, ರೇಷ್ಮೆಗೆ ಹಾಕೋ ಆಸಿಡ್ ಡೈ ಥರಾನೇ. ಹುಳಿ ನೀರಲ್ಲಿ, ಬಿಸಿ ಕೊಟ್ಟಾಗ ಅವು ಉಣ್ಣೆ, ರೇಷ್ಮೆ, ನೈಲಾನ್ ಈ ಮೂರಕ್ಕೂ ಕಚ್ಚಿಕೊಳ್ತವೆ. ರೇಷ್ಮೆ ಸೀರೆ ಮೇಲೆ ಜಿಲೇಬಿ ಪಾಕ ಬಿದ್ದು ಕಲೆ ಹೋಗದೇ ಇರೋದೂ ಇದೇ ಕಾರಣಕ್ಕೆ.

ನಿಮ್ಮದು ನೈಲಾನ್ ಅಂತ ಗೊತ್ತಾಯ್ತು ಅಂದ್ಕೊಳ್ಳಿ. ಆಗ ಪೂರ್ತಿ ಕೆಲಸ ಹೀಗೆ. ಎಲಾಸ್ಟಿಕ್‌ನ ಮೊದಲು ಸೋಪಿನ ನೀರಲ್ಲಿ ತೊಳೀಬೇಕು. ಫ್ಯಾಕ್ಟರಿಯಲ್ಲಿ ದಾರ ಸುತ್ತುವಾಗ ಎಣ್ಣೆ ಹಾಕಿರ್ತಾರೆ, ಅದು ಇದ್ದಲ್ಲಿ ಬಣ್ಣ ಚುಕ್ಕೆ ಚುಕ್ಕೆ ಆಗುತ್ತೆ. ರಟ್ಟಿನ ಮೇಲೆ ಸುತ್ತಿದ ಹಾಗೇ ಮುಳುಗಿಸಬೇಡಿ, ಒಳಸುತ್ತಿಗೆ ಬಣ್ಣ ಹೋಗಲ್ಲ. ಮೊಳಕೈಗೂ ಹೆಬ್ಬೆರಳಿಗೂ ಸಡಿಲವಾಗಿ ಸುತ್ತಿ ಲಡಿ ಮಾಡಿ, ಮೂರ್ನಾಲ್ಕು ಕಡೆ ಬಿಳಿ ದಾರದಿಂದ ಸಡಿಲವಾಗಿ ಕಟ್ಟಿ. ಸ್ಟೀಲ್ ಪಾತ್ರೆಯಲ್ಲಿ ಒಂದು ಲೀಟರ್ ನೀರು, ನಾಲ್ಕು ಚಮಚ ವಿನೆಗರ್, ಕಾಲು ಚಮಚ ಬಣ್ಣ. ಅಲ್ಯೂಮಿನಿಯಂ ಬೇಡ, ಹುಳಿಗೆ ಅದು ಪ್ರತಿಕ್ರಿಯೆ ಕೊಡುತ್ತೆ. ಒದ್ದೆ ಲಡಿಯನ್ನ ಬೆಚ್ಚಗಿನ ಬಣ್ಣದ ನೀರಿಗೆ ಹಾಕಿ ನಿಧಾನಕ್ಕೆ ಬಿಸಿ ಮಾಡಿ. ಕೊತ ಕೊತ ಕುದಿಸೋದು ಬೇಡ. ತಳದಿಂದ ಸಣ್ಣ ಗುಳ್ಳೆ ಏಳುವಷ್ಟು ಬಿಸಿ ಸಾಕು. ಅರ್ಧ ಗಂಟೆ. ಮಧ್ಯೆ ಮಧ್ಯೆ ಚಮಚದ ಹಿಡಿಯಿಂದ ಲಡಿಯನ್ನ ಸ್ವಲ್ಪ ಎಳೆದು ಬಿಡಿ. ಎಲಾಸ್ಟಿಕ್ ಹಿಗ್ಗಿದಾಗ ಹೊರಗಿನ ಜಡೆ ಬಿಚ್ಚಿಕೊಳ್ಳುತ್ತೆ, ಬಣ್ಣ ಒಳಗೆ ನುಗ್ಗುತ್ತೆ. ಹಾಗೆ ಮಾಡದಿದ್ರೆ ಬ್ರೇಸ್‌ಲೆಟ್ ಕೈಗೆ ಹಾಕಿಕೊಳ್ಳುವಾಗ, ಎಳೆದ ಕೂಡಲೇ, ಒಳಗಿನ ಬಿಳಿ ಹಲ್ಲು ಕಿಸಿದ ಹಾಗೆ ಕಾಣುತ್ತೆ. ಎಷ್ಟೇ ಮಾಡಿದ್ರೂ ರಬ್ಬರ್ ಎಳೆ ಬಿಳಿಯಾಗೇ ಉಳಿಯೋದು ಬೇರೆ ಮಾತು.

ಬಣ್ಣದ ನೀರಲ್ಲೇ ಆರೋಕೆ ಬಿಡಿ. ತಣ್ಣೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹಸಿರು, ನೇರಳೆ ಥರದ ಫುಡ್ ಕಲರ್‌ಗಳು ಎರಡು ಮೂರು ಬಣ್ಣ ಬೆರೆಸಿ ಮಾಡಿದ್ದು. ಒಂದು ಬೇಗ ಕಚ್ಚುತ್ತೆ, ಇನ್ನೊಂದು ತಡ. ಹಾಗಾಗಿ ಒಂದೆಡೆ ಹಳದಿ ಒಂದೆಡೆ ನೀಲಿ ಆಗಬಹುದು. ಇಂಥವಕ್ಕೆ ನೀರು ತಣ್ಣಗಿರುವಾಗಲೇ ಲಡಿ ಹಾಕಿ, ವಿನೆಗರ್ ಕೊನೆಗೆ ಹಾಕಿ. ಇನ್ನೊಂದು ಮಾತು, ಫುಡ್ ಕಲರ್ ಮನೆ ಮಟ್ಟಕ್ಕೆ ಸಾಕು, ಆದರೆ ಬಿಸಿ ಸೋಪು ನೀರಿಗೆ ಪದೇ ಪದೇ ಹಾಕಿದ್ರೆ ಮಾಸುತ್ತೆ. ಗಟ್ಟಿ ಬಣ್ಣ ಬೇಕು ಅಂದ್ರೆ ಡೈ ಅಂಗಡಿಯಲ್ಲಿ ರೇಷ್ಮೆಗೆ ಅಂತ ಕೇಳಿ ಆಸಿಡ್ ಡೈ ತನ್ನಿ. ಅದಕ್ಕೆ ಬಳಸಿದ ಪಾತ್ರೆ, ಚಮಚ ಮತ್ತೆ ಅಡುಗೆಗೆ ಬರಬಾರದು.

ಕಾಟನ್ ಹೊದಿಕೆ ಇರೋ ಎಲಾಸ್ಟಿಕ್ ಸಿಕ್ಕಿದ್ರೆ ಅದೃಷ್ಟ. ಅದಕ್ಕೆ ರಿಯಾಕ್ಟಿವ್ ಡೈ ಅಂತ ಬರುತ್ತೆ, ಉಪ್ಪು ಮತ್ತು ವಾಷಿಂಗ್ ಸೋಡಾ ಹಾಕಿ ತಣ್ಣೀರಲ್ಲೇ ಮಾಡೋದು. ಬಿಸಿ ಇಲ್ಲದ ಕಾರಣ ರಬ್ಬರ್‌ಗೂ ಒಳ್ಳೇದು.

ಪಾಲಿಯೆಸ್ಟರ್ ಕಥೆ ಕಷ್ಟ. ಅದಕ್ಕೆ ಡಿಸ್ಪರ್ಸ್ ಡೈ ಬೇಕು, ಮಿಲ್‌ಗಳಲ್ಲಿ ಒತ್ತಡದಲ್ಲಿ ಸುಮಾರು 130 ಡಿಗ್ರಿ ಬಿಸಿ ಕೊಟ್ಟು ಹಾಕ್ತಾರೆ. ಅಥವಾ ಎಲಾಸ್ಟಿಕ್ ಹೆಣೆಯೋ ಮುಂಚೆ ದಾರಕ್ಕೇ ಬಣ್ಣ ಹಾಕಿಬಿಡ್ತಾರೆ. ಇಷ್ಟು ಹೇಳಿದ ಕೂಡಲೇ ಯಾರಾದ್ರೂ ಒಬ್ಬರು "ಕುಕ್ಕರ್‌ನಲ್ಲಿ ಇಟ್ರೆ?" ಅಂತ ಕೇಳೇ ಕೇಳ್ತಾರೆ. ಬೇಡ. ಕುಕ್ಕರ್ 120 ಡಿಗ್ರಿ ಹತ್ತಿರ ಹೋಗುತ್ತೆ ನಿಜ. ಆದರೆ ನಾಳೆ ಅದರಲ್ಲೇ ಬೇಳೆ ಬೇಯಿಸಬೇಕು. ಜೊತೆಗೆ ಅಷ್ಟು ಬಿಸಿಗೆ ಒಳಗಿನ ರಬ್ಬರ್‌ನ ಆಯಸ್ಸು ಅರ್ಧ ಕರಗುತ್ತೆ. ಪಾಲಿಯೆಸ್ಟರ್ ಎಲಾಸ್ಟಿಕ್‌ನ ಬಣ್ಣದ್ದೇ ಕೊಂಡುಕೊಳ್ಳಿ. ಮನೆಯಲ್ಲಿ ಹಾಕೋಕೆ ಹೋಗಬೇಡಿ. ಇದು ನನ್ನ ಖಚಿತ ಅಭಿಪ್ರಾಯ.

ಪಾರದರ್ಶಕ ಪ್ಲಾಸ್ಟಿಕ್ ಥರದ ಎಲಾಸ್ಟಿಕ್ ದಾರ ಬರುತ್ತಲ್ಲ, ಅದಕ್ಕೂ ಬಣ್ಣದ ತಂಟೆ ಬೇಡ. ಅದರ ಉಪಯೋಗವೇ ಕಾಣದೇ ಇರೋದು.

ಅಲ್ಲಾ, ಅಷ್ಟಕ್ಕೂ ಬಣ್ಣ ಯಾಕೆ ಬೇಕು? ಬರೀ ಮಣಿ ಬ್ರೇಸ್‌ಲೆಟ್ ಆದ್ರೆ ಎಲಾಸ್ಟಿಕ್ ತೂತಿನೊಳಗೆ ಅಡಗಿಬಿಡುತ್ತೆ. ಮಣಿ ಗಾಜಿನದಾಗಿದ್ರೆ ಮಾತ್ರ ಒಳಗಿನ ದಾರ ಹೊಳೆಯುತ್ತೆ. ಬಿಳಿ ದಾರ ಹಾಕಿದ್ರೆ ನೀಲಿ ಗಾಜು ಹಾಲು ಬೆರೆಸಿದ ಹಾಗೆ ಕಾಣುತ್ತೆ, ಕಪ್ಪು ಹಾಕಿದ್ರೆ ಮಂಕಾಗುತ್ತೆ. ಗುಂಡಿಯ ವಿಷಯ ಹಾಗಲ್ಲ. ಎಲಾಸ್ಟಿಕ್ ಒಂದು ತೂತಿನಿಂದ ಮೇಲೆ ಬಂದು ಇನ್ನೊಂದರಲ್ಲಿ ಇಳಿಯುತ್ತೆ. ಪ್ರತಿ ಗುಂಡಿಯ ನೆತ್ತಿಯ ಮೇಲೂ ಮೂರ್ನಾಲ್ಕು ಮಿಲಿಮೀಟರ್ ದಾರ ಎದ್ದು ಕಾಣುತ್ತೆ. ಮರೂನ್ ಗುಂಡಿಯ ಮೇಲೆ ಬಿಳಿ ಗೆರೆ ಇದ್ರೆ ಅದು ಅಂಗಿಯಿಂದ ಕಿತ್ತು ತಂದ ಗುಂಡಿ ಥರಾನೇ ಕಾಣೋದು. ಹಾಗಾಗಿ ಬಣ್ಣದ ಆಸೆ ತಪ್ಪಲ್ಲ.

ಬರೀ ಆ ಮೂರ್ನಾಲ್ಕು ಮಿಲಿಮೀಟರ್‌ಗೆ ಪರ್ಮನೆಂಟ್ ಮಾರ್ಕರ್ ಹಚ್ಚೋರು ಇದ್ದಾರೆ. ಪೋಣಿಸಿ ಆದ ಮೇಲೆ ಗುಂಡಿಯ ನಡುವೆ ಒಂದು ಗೀರು. ಹತ್ತು ಪೀಸ್‌ಗೆ ಇದು ಒಳ್ಳೇ ಉಪಾಯವೇ. ಪಾಲಿಯೆಸ್ಟರ್ ಮೇಲೂ ನಿಲ್ಲುತ್ತೆ. ಆದರೆ ಚನ್ನಪಟ್ಟಣದ ಮಣಿ ಬಳಸೋರು ಇಲ್ಲಿ ಸ್ವಲ್ಪ ನಿಲ್ಲಿ.

ಚನ್ನಪಟ್ಟಣದ ಮಣಿ, ಗೊಂಬೆಗಳನ್ನ ಆಲೆ ಮರದಲ್ಲಿ ಕಡೆದು, ಕಡೆಚ್ಚು ತಿರುಗ್ತಾ ಇರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆ ಹೊಳಪಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಆದರೆ ಅರಗಿನ ಶತ್ರುಗಳು ಮೂವರು: ಸ್ಪಿರಿಟ್, ಬಿಸಿ, ಸೋಡಾ. ಪರ್ಮನೆಂಟ್ ಮಾರ್ಕರ್ ಒಳಗೆ ಇರೋದು ಸ್ಪಿರಿಟ್. ಗುಂಡಿ ಪಕ್ಕದಲ್ಲಿರೋ ಅರಗಿನ ಮಣಿಗೆ ಮಾರ್ಕರ್ ತುದಿ ತಾಗಿದ್ರೆ ಅಲ್ಲಿ ಹೊಳಪು ಹೋಗಿ ಅಂಟಂಟಾಗುತ್ತೆ. ಸ್ಯಾನಿಟೈಸರ್ ಹಾಕಿದ ಕೈಗೂ ಇದೇ ಗತಿ, ಇದನ್ನ ಕೊಳ್ಳುವವರಿಗೆ ಹೇಳಿ ಕೊಡಿ. ಪೋಣಿಸಿದ ಬ್ರೇಸ್‌ಲೆಟ್ಟನ್ನೇ ಬಿಸಿ ಬಣ್ಣದ ನೀರಿಗೆ ಅದ್ದಿದ್ರೆ ಅರಗು ಮೆತ್ತಗಾಗುತ್ತೆ. ಅದಕ್ಕೇ ಬಣ್ಣ ಮೊದಲು, ಪೋಣಿಸೋದು ಆಮೇಲೆ. ಈ ಕ್ರಮ ಬದಲಾಗಬಾರದು. ಇನ್ನು ಫ್ಯಾಬ್ರಿಕ್ ಪೇಂಟ್ ಬಳಿಯೋದಂತೂ ಬೇಡವೇ ಬೇಡ. ಎಲಾಸ್ಟಿಕ್ ಹಿಗ್ಗುತ್ತೆ, ಪೇಂಟ್ ಅಷ್ಟು ಹಿಗ್ಗಲ್ಲ, ಎರಡು ಸಲ ಹಾಕಿ ತೆಗೆಯೋದರಲ್ಲಿ ಬಿರುಕು ಬಿಡುತ್ತೆ.

"ನ್ಯಾಚುರಲ್ ಕಲರ್ ಹಾಕಿದ್ರೆ ಸೇಫ್ ಅಲ್ವಾ?" ಅಂತ ಕೇಳಿದವರೂ ಇದ್ದೀರಿ. ಅರಿಶಿನ ಕಾಟನ್‌ಗೂ ಹತ್ತುತ್ತೆ, ನೈಲಾನ್‌ಗೂ ಹತ್ತುತ್ತೆ, ನಿಮ್ಮ ಉಗುರಿಗೂ ಹತ್ತುತ್ತೆ. ಆದರೆ ಬಿಸಿಲಿಗೆ ಮಾಸುತ್ತೆ. ಇನ್ನೂ ತಮಾಷೆ ಅಂದ್ರೆ ಸೋಪು ತಾಗಿದ ತಕ್ಷಣ ಕೆಂಪಾಗುತ್ತೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡ್ತಿದ್ದದ್ದು ಇದೇ ಗುಣದಿಂದ. ಕನ್ನಡ ಬಾವುಟದ ಎರಡೂ ಬಣ್ಣ ಒಂದೇ ಬ್ರೇಸ್‌ಲೆಟ್‌ನಲ್ಲಿ ಕೈ ತೊಳೆದಾಗಲೆಲ್ಲ ಅದಲು ಬದಲಾದ್ರೆ ಗಿರಾಕಿ ಖುಷಿ ಪಡಲ್ಲ. ಕಡು ಚಹಾ ಡಿಕಾಕ್ಷನ್ ಮಾತ್ರ ನೈಲಾನ್ ಮೇಲೆ ಒಳ್ಳೇ ಕಂದು ಕೊಡುತ್ತೆ. ತೆಂಗಿನ ಚಿಪ್ಪಿನ ಗುಂಡಿಗೆ, ಮರದ ಮಣಿಗೆ ಅದು ಹೇಳಿ ಮಾಡಿಸಿದ ಹಾಗೆ ಇರುತ್ತೆ. ಬಣ್ಣ ಗಟ್ಟಿ ಆಗಲಿ ಅಂತ ಮೈಲುತುತ್ತ ಹಾಕೋ ಪದ್ಧತಿ ಬಟ್ಟೆಯವರಲ್ಲಿ ಇದೆ. ಅಡಿಕೆ ತೋಟದವರಿಗೆ ಗೊತ್ತು, ಅದು ತಾಮ್ರ. ತಾಮ್ರದ ಅಂಶ ಸೇರಿದ್ರೆ ರಬ್ಬರ್ ಬೇಗ ಹಳತಾಗುತ್ತೆ, ಪಟ್ ಅಂತ ತುಂಡಾಗುತ್ತೆ. ಎಲಾಸ್ಟಿಕ್‌ಗೆ ಅದನ್ನ ಹಾಕಬೇಡಿ. ತಾಮ್ರದ ಪಾತ್ರೆಯೂ ಬೇಡ. ಬ್ಲೀಚ್ ಕೂಡ ಬೇಡ.

ಈಗ ಮುಖ್ಯವಾದ ಮಾತಿಗೆ ಬರ್ತೀನಿ. ಬ್ರೇಸ್‌ಲೆಟ್ ಚರ್ಮಕ್ಕೆ ಅಂಟಿಕೊಂಡು ಇರೋ ವಸ್ತು. ದಿನಪೂರ್ತಿ, ಬೆವರಿನ ಜೊತೆ. ಮಕ್ಕಳಾದ್ರೆ ಪಾಠ ಕೇಳ್ತಾ ಅದನ್ನೇ ಬಾಯಿಗೆ ಹಾಕಿಕೊಂಡು ಜಗೀತಾರೆ. ಅಜೋ ಅನ್ನೋ ಗುಂಪಿನ ಕೆಲವು ಬಣ್ಣಗಳು ಒಡೆದು ಕ್ಯಾನ್ಸರ್ ತರಬಲ್ಲ ವಸ್ತುಗಳಾಗ್ತವೆ ಅಂತ ನಮ್ಮ ಸರ್ಕಾರ 1990ರ ದಶಕದಲ್ಲೇ ಇಂಥ 112 ಬಣ್ಣಗಳನ್ನ ನಿಷೇಧಿಸಿದೆ. ಪಾಲಿಯೆಸ್ಟರ್‌ಗೆ ಹಾಕೋ ಡಿಸ್ಪರ್ಸ್ ಬಣ್ಣಗಳಲ್ಲಿ ಕೆಲವು ನೀಲಿಗಳು ಚರ್ಮಕ್ಕೆ ಅಲರ್ಜಿ ತರೋದರಲ್ಲಿ ಹೆಸರುವಾಸಿ. ನೈಸರ್ಗಿಕ ರಬ್ಬರ್‌ಗೇ ಅಲರ್ಜಿ ಇರೋ ಜನರೂ ಇದ್ದಾರೆ. ಇದನ್ನೆಲ್ಲ ಹೇಳಿ ಹೆದರಿಸೋದು ನನ್ನ ಉದ್ದೇಶ ಅಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹೆಸರಿಲ್ಲದೆ ತೂಕಕ್ಕೆ ಮಾರೋ ಬಣ್ಣದ ಪುಡಿ ತರಬೇಡಿ ಅಂತ ಹೇಳ್ತಾ ಇದ್ದೀನಿ. ಅದರಲ್ಲಿ ಏನಿದೆ ಅಂತ ಮಾರುವವನಿಗೂ ಗೊತ್ತಿರಲ್ಲ. ಪೊಟ್ಟಣದ ಮೇಲೆ ತಯಾರಕರ ಹೆಸರು, ಯಾವ ದಾರಕ್ಕೆ ಅನ್ನೋ ವಿವರ ಇರಬೇಕು. ಇನ್ನು ಮೂರು ವರ್ಷದ ಒಳಗಿನ ಮಕ್ಕಳಿಗೆ ಗುಂಡಿ, ಮಣಿಯ ಬ್ರೇಸ್‌ಲೆಟ್ ಮಾರಲೇಬೇಡಿ. ದಾರ ಹರಿದ್ರೆ ಅವು ಗಂಟಲಿಗೆ ಹೋಗ್ತವೆ. ಬಣ್ಣದ ಪ್ರಶ್ನೆಯೇ ಬರಲ್ಲ ಅಲ್ಲಿ.

ಮತ್ತೆ ಪ್ರತಿ ಸಲ, ಪ್ರತಿ ಲಡಿಗೂ, ಒಂದು ರಾತ್ರಿಯ ಪರೀಕ್ಷೆ. ಒಂದು ಲೋಟ ಉಗುರು ಬೆಚ್ಚನೆ ನೀರಿಗೆ ಅರ್ಧ ಚಮಚ ಉಪ್ಪು. ಇದು ನಮ್ಮ ಬೆವರು. ಹಳೇ ಬಿಳಿ ಪಂಚೆ ತುಂಡನ್ನ ಅದರಲ್ಲಿ ಅದ್ದಿ, ಬಣ್ಣ ಹಾಕಿದ ಒಂದು ಗೇಣು ಎಲಾಸ್ಟಿಕ್ ಸುತ್ತಿ, ಪ್ಲಾಸ್ಟಿಕ್ ಕವರ್‌ನಲ್ಲಿಟ್ಟು, ಅದರ ಮೇಲೆ ಕುಟ್ಟೋ ಕಲ್ಲು ಹೇರಿ ಮಲಗಿಬಿಡಿ. ಬೆಳಿಗ್ಗೆ ಬಿಚ್ಚಿ ನೋಡಿ. ಪಂಚೆ ಬಿಳಿಯಾಗಿದ್ರೆ ಪೋಣಿಸಿ. ಬಣ್ಣ ಇಳಿದಿದ್ರೆ ಇನ್ನೆರಡು ಸಲ ತೊಳೆದು ಮತ್ತೆ ಪರೀಕ್ಷೆ. ಮೂರನೇ ಸಲವೂ ಇಳಿದ್ರೆ ಆ ಲಡಿ ಬಿಸಾಕಿ. ಇನ್ನೊಂದು ತುಂಡಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬಿಳಿ ಬಟ್ಟೆಗೆ ಉಜ್ಜಿ, ನಮ್ಮ ಜನ ಕೈಗೆ ಎಣ್ಣೆ ಹಚ್ಚುತ್ತಾರೆ. ಪರೀಕ್ಷೆಯ ಪಂಚೆ ತುಂಡುಗಳನ್ನ ದಿನಾಂಕ ಬರೆದು ಇಟ್ಕೊಳ್ಳಿ. ದೊಡ್ಡ ಆರ್ಡರ್ ಕೊಡುವವರು ಕೇಳಿದ್ರೆ ತೋರಿಸಬಹುದು. ಕೇಳದಿದ್ರೂ ತೋರಿಸಿ.

ಈಗ ದುಡ್ಡಿನ ಲೆಕ್ಕ. ನಾನು ಓದಿದ್ದು ಬಿಕಾಂ, ಇದನ್ನ ಬಿಟ್ಟು ಮುಂದೆ ಹೋಗೋಕೆ ಮನಸ್ಸು ಬರಲ್ಲ. ಒಂದು ಬ್ರೇಸ್‌ಲೆಟ್‌ಗೆ ಗಂಟು ಸೇರಿ 25 ಸೆಂಟಿಮೀಟರ್ ಎಲಾಸ್ಟಿಕ್ ಅಂತ ಇಟ್ಕೊಳ್ಳಿ. 150 ಬ್ರೇಸ್‌ಲೆಟ್‌ಗೆ ಮೂವತ್ತೇಳೂವರೆ ಮೀಟರ್. ಲೆಕ್ಕಕ್ಕೆ ಬಿಳಿ ಎಲಾಸ್ಟಿಕ್ ಮೀಟರ್‌ಗೆ 2 ರೂಪಾಯಿ ಅಂದ್ಕೊಂಡ್ರೆ 75 ರೂಪಾಯಿ. ಬಣ್ಣದ್ದು 3 ರೂಪಾಯಿ ಅಂದ್ಕೊಂಡ್ರೆ 112 ರೂಪಾಯಿ 50 ಪೈಸೆ. ವ್ಯತ್ಯಾಸ 37 ರೂಪಾಯಿ 50 ಪೈಸೆ. 6000 ರೂಪಾಯಿಯ ಆರ್ಡರ್‌ನಲ್ಲಿ! ಅದನ್ನ ಉಳಿಸೋಕೆ ಹೋಗಿ ಬಣ್ಣದ ಪೊಟ್ಟಣ, ಗ್ಯಾಸ್, ಎರಡು ಸಂಜೆ, ಆಮೇಲೆ 3000 ರೂಪಾಯಿ.

ಇಷ್ಟು ಸುಲಭದ ಲೆಕ್ಕ ಅವರಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಫೋನ್ ಮಾಡಿ ಕೇಳಿದಾಗ ಅವರು ಹೇಳಿದ್ದು ಬೇರೆ. ಬಣ್ಣದ ಎಲಾಸ್ಟಿಕ್ ಅವರಿಗೆ ಸಿಗೋದು ಪೂರ್ತಿ ರೋಲ್ ಲೆಕ್ಕದಲ್ಲಿ, 100 ಮೀಟರ್. ಕೆಂಪು ಒಂದು, ಹಳದಿ ಒಂದು ತಗೊಂಡ್ರೆ ನನ್ನ ಲೆಕ್ಕದಲ್ಲೇ 600 ರೂಪಾಯಿ ಮುಂಗಡ ಹಾಕಬೇಕು. ಎರಡೂ ಸೇರಿ ನೂರಾ ಅರವತ್ತು ಮೀಟರ್‌ಗೂ ಹೆಚ್ಚು ಮಿಕ್ಕುತ್ತೆ. ಅದು ಮುಂದಿನ ನವೆಂಬರ್‌ವರೆಗೆ ಪೆಟ್ಟಿಗೆಯಲ್ಲಿ ಕೂರುತ್ತೆ. ರಬ್ಬರ್ ಎಲಾಸ್ಟಿಕ್ ಸುಮ್ಮನೆ ಕೂತ್ರೂ ಹಳತಾಗುತ್ತೆ, ಸೆಳೆತ ಕಳಕೊಳ್ಳುತ್ತೆ. ಆರ್ಡರ್ ಕೊಟ್ಟವರಿಂದ ಅಡ್ವಾನ್ಸ್ ಬಂದಿರಲಿಲ್ಲ. ಮನೆಯಲ್ಲಿ ಬಿಳಿ ರೋಲ್ ಇತ್ತು. ಅವರ ಜಾಗದಲ್ಲಿ ಕೂತು ನೋಡಿದ್ರೆ ಬಣ್ಣ ಹಾಕೋ ತೀರ್ಮಾನಕ್ಕೆ ಕಾರಣ ಇದೆ.

ಹಾಗಾಗಿ ನನ್ನ ಸಲಹೆ ಬಣ್ಣಕ್ಕಿಂತ ಮುಂಚಿನ ಹಂತದ್ದು. ಒಂದೇ ಊರಲ್ಲಿ, ಒಂದೇ ಸ್ತ್ರೀಶಕ್ತಿ ಸಂಘದಲ್ಲಿ ಈ ಕೆಲಸ ಮಾಡೋರು ಮೂರ್ನಾಲ್ಕು ಜನ ಇದ್ರೆ ರೋಲ್‌ಗಳನ್ನ ಹಂಚಿಕೊಂಡು ಕೊಳ್ಳಿ. ಎಂಟು ಬಣ್ಣದ ರೋಲ್ ತಂದು 25 ಮೀಟರ್‌ನಂತೆ ಪಾಲು ಮಾಡಿದ್ರೆ ನಾಲ್ಕೂ ಜನರ ಹತ್ತಿರ ಎಂಟು ಬಣ್ಣ ಇರುತ್ತೆ, ಪ್ರತಿಯೊಬ್ಬರ ಕೈಯಿಂದ ಹೋಗೋದು ಎರಡು ರೋಲ್‌ನ ದುಡ್ಡು. 50 ಪೀಸ್ ಮೇಲಿನ ಆರ್ಡರ್‌ಗೆ ಸಾಮಾನಿನ ಖರ್ಚಿನಷ್ಟಾದ್ರೂ ಅಡ್ವಾನ್ಸ್ ಕೇಳಿ, ಸಂಕೋಚ ಬೇಡ. ಮನೆಯಲ್ಲಿ ಬಣ್ಣ ಹಾಕೋದನ್ನ ಅಂಗಡಿಯಲ್ಲಿ ಸಿಗದ ಬಣ್ಣಕ್ಕೆ ಇಟ್ಕೊಳ್ಳಿ. ಮದುವೆ ಮನೆಯವರು ಸೀರೆಯ ಅಂಚಿಗೆ ಹೊಂದೋ ಬಣ್ಣ ಕೇಳ್ತಾರೆ, ನವಿಲು ಕತ್ತಿನ ಬಣ್ಣ, ಈರುಳ್ಳಿ ಸಿಪ್ಪೆ ಬಣ್ಣ. ಅದು ಯಾವ ರೋಲ್‌ನಲ್ಲೂ ಬರಲ್ಲ. ಅಲ್ಲಿ ನೈಲಾನ್ ಎಲಾಸ್ಟಿಕ್ ತಂದು ನೀವೇ ಹಾಕಿ. ಅದಕ್ಕೆ ಬೇರೆ ರೇಟ್ ಹಾಕಿ.

ಆ ಬೇರೆ ರೇಟ್‌ನಲ್ಲಿ ನಿಮ್ಮ ಎರಡು ಸಂಜೆಗಳನ್ನೂ ಸೇರಿಸಿ. ನನಗೆ ಬರೋ ಲೆಕ್ಕದ ಹಾಳೆಗಳಲ್ಲಿ ಮಣಿ ಇರುತ್ತೆ, ಗುಂಡಿ ಇರುತ್ತೆ, ಕವರ್ ಇರುತ್ತೆ, ಬಸ್ ಚಾರ್ಜ್ ಕೂಡ ಇರುತ್ತೆ. ಮಾಡಿದವರ ಕೂಲಿ ಅನ್ನೋ ಸಾಲು ಖಾಲಿ. "ಅದು ಮನೇಲೇ ಅಲ್ವಾ, ಟಿವಿ ನೋಡ್ತಾ ಮಾಡೋದು" ಅಂತಾರೆ. ಟೈಲರ್ ಕೂಡ ಎಫ್‌ಎಂ ಕೇಳ್ತಾನೇ ಹೊಲಿಯೋದು. ಅವರು ಕೂಲಿ ಬಿಡ್ತಾರಾ? ಗಂಟೆಗೆ ಇಷ್ಟು ಅಂತ ಒಂದು ಅಂಕಿ ಬರೀರಿ. ಮೊದಲ ಸಲ ಬರೆದಾಗ 40 ರೂಪಾಯಿಯ ಬ್ರೇಸ್‌ಲೆಟ್ ನಷ್ಟದಲ್ಲಿದೆ ಅಂತ ಗೊತ್ತಾಗಬಹುದು. ಗೊತ್ತಾಗಲಿ.

ಮಂಡ್ಯದ ಕೇಳುಗರ ಹತ್ತಿರ ಬಣ್ಣ ಹಾಕಿದ ಎಲಾಸ್ಟಿಕ್ ಇನ್ನೂ ಮಿಕ್ಕಿದೆಯಂತೆ, ಏನು ಮಾಡಲಿ ಅಂತ ಕೇಳಿದ್ದಾರೆ. ನೀರು ತಿಳಿಯಾಗೋವರೆಗೂ ಸೋಪಿನಲ್ಲಿ ತೊಳೀರಿ. ಬಹುಪಾಲು ಬಿಳಿಗೆ ವಾಪಸ್ ಬರುತ್ತೆ. ನಸುಗೆಂಪು ಉಳಿದ್ರೆ ಪಂಚೆ ಪರೀಕ್ಷೆ ಮಾಡಿ, ಪಾಸಾದ್ರೆ ದಪ್ಪ ಮಣಿಗಳ ಒಳಗೆ ಅಡಗಿಸಿ ಬಳಸಿ. ಗಂಟು ಹಾಕೋ ಮುಂಚೆ ಎರಡು ಮೂರು ಸಲ ಎಳೆದು ಬಿಡೋದು ಮರೀಬೇಡಿ. ಎಳೆದಾಗ ಚಿಟ್ ಅಂತ ಒಳಗಿನ ಎಳೆ ಹರಿದ ಸದ್ದು ಬಂದ್ರೆ ಕುದಿಸಿದ್ದು ಜಾಸ್ತಿ ಆಗಿದೆ ಅಂತ ಅರ್ಥ, ಆ ತುಂಡು ಬಿಟ್ಟುಬಿಡಿ.

ಗಂಟು, ಅಂಟು, ಎಷ್ಟು ಎಳೆ ಹಾಕಬೇಕು, ಈ ಪ್ರಶ್ನೆಗಳೂ ತುಂಬಾ ಬಂದಿವೆ. ಅದನ್ನ ಮುಂದಿನ ವಾರ ನೋಡೋಣ. ನಿಮ್ಮ ಎಲಾಸ್ಟಿಕ್ ನೈಲಾನೋ ಪಾಲಿಯೆಸ್ಟರೋ ಅಂತ ಅಷ್ಟರೊಳಗೆ ಪರೀಕ್ಷೆ ಮಾಡಿದವರು ವಾಯ್ಸ್ ಮೆಸೇಜ್ ಹಾಕಿ, ಯಾವ ಊರಿನ ಅಂಗಡಿಯಲ್ಲಿ ನೈಲಾನ್ ಸಿಕ್ತು ಅಂತಲೂ ಹೇಳಿ. ಬೇರೆಯವರಿಗೆ ಉಪಯೋಗ ಆಗುತ್ತೆ. ನಮಸ್ಕಾರ.